ಎಳೆಯ ದನಿ, ಬಲಿತ ಕಿವಿ

ನಮ್ಮ ಹಳೆಯ ಆಲಂಕಾರಿಕರಲ್ಲಿ ನಗೆಯ ಲೇಪವಿರುವವರು ಕಡಿಮೆ. ರಾಜಶೇಖರ ಅದಕ್ಕೆ ಅಪವಾದ. ಸಾವಿರ ವರ್ಷಗಳಿಗೂ ಹಿಂದೆ ರಚಿಸಿದ ತನ್ನ 'ಕಾವ್ಯಮೀಮಾಂಸೆ'ಯಲ್ಲಿ ಆತ ಭಾವಕರನ್ನು, ಎಂದರೆ ಕೃತಿಯನ್ನು ಸವಿದು ಅದರ ಬೆಲೆಯನ್ನು ಹೇಳುವವರನ್ನು, ನಾಲ್ಕು ಬಗೆಯಾಗಿ ವಿಂಗಡಿಸುತ್ತಾನೆ. ಏನನ್ನು ಬಡಿಸಿದರೂ ರುಚಿಸದೆ ಮುಖ ಸಿಂಡರಿಸುವವನು ಅರೋಚಕಿ. ಕಾಳಿನೊಡನೆ ಹುಲ್ಲನ್ನೂ ಸೇರಿಸಿ ತಿಂದುಬಿಡುವವನು ಸತೃಣಾಭ್ಯವಹಾರಿ. ಗುಣ ಕಣ್ಣಿಗೆ ಬಿದ್ದರೂ ಬಾಯಿ ಬಿಡದವನು ಮತ್ಸರಿ. ನಾಲ್ಕನೆಯವನು ತತ್ತ್ವಾಭಿನಿವೇಶಿ; ಕೃತಿಯ ಒಳಗನ್ನು ಹೊಕ್ಕು ನೋಡುವವನು. ಅಂಥವನು ಸಾವಿರದಲ್ಲಿ ಒಬ್ಬನಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಎಂ.ಎ. ತರಗತಿಯಲ್ಲಿ ಈ ಭಾಗವನ್ನು ಪಾಠ ಹೇಳುವಾಗ ನಾನು ಉದಾಹರಣೆಗೆ ಯಾವ ಕಾವ್ಯವನ್ನೂ ಎತ್ತಿಕೊಳ್ಳುತ್ತಿರಲಿಲ್ಲ. ಒಂದು ಪಾಪ್ ಗೀತೆಗಳ ಧ್ವನಿಮುದ್ರಿಕೆಯನ್ನು ಹೇಳುತ್ತಿದ್ದೆ. ವಿದ್ಯಾರ್ಥಿಗಳು ನಗುತ್ತಿದ್ದರು. ಆದರೆ ನಗಿಸಬೇಕೆಂದು ಹೇಳಿದ ಮಾತಲ್ಲ ಅದು. ಈ ನಾಲ್ಕು ಬಗೆಯವರನ್ನೂ ಒಟ್ಟಿಗೆ ಒಂದೇ ಕಡೆ ನಾನು ಕಂಡದ್ದು 1981ರಲ್ಲಿ, 'ಡಿಸ್ಕೋ ದೀವಾನೆ' ಎಂಬ ಆ ಮುದ್ರಿಕೆಯ ಸುತ್ತ.

ಅದನ್ನು ಹಾಡಿದಾಕೆ ನಾಜಿಯಾ ಹಸನ್. ಹುಟ್ಟಿದ್ದು ಕರಾಚಿಯಲ್ಲಿ, 1965ರ ಏಪ್ರಿಲ್ 3ರಂದು. ಬೆಳೆದದ್ದು ಕರಾಚಿ ಮತ್ತು ಲಂಡನ್ ಎರಡರಲ್ಲೂ. ಮುದ್ರಿಕೆ ಹೊರಬಂದಾಗ ಆಕೆ ಇನ್ನೂ 16ರ ಹೊಸ್ತಿಲಿನಲ್ಲಿದ್ದ ಶಾಲಾಬಾಲಕಿ. ಆಕೆಯೊಡನೆ ದನಿಗೂಡಿಸಿದ ತಮ್ಮ ಜೊಹೇಬ್ ಅದಕ್ಕಿಂತಲೂ ಚಿಕ್ಕವನು. ಇದಕ್ಕೆ ಒಂದು ವರ್ಷ ಮೊದಲು, 1980ರಲ್ಲಿ, ಫಿರೋಜ್ ಖಾನ್ ತಯಾರಿಸಿ ನಿರ್ದೇಶಿಸಿದ 'ಕುರ್ಬಾನಿ' ಚಿತ್ರದಲ್ಲಿ ಆಕೆ 'ಆಪ್ ಜೈಸಾ ಕೋಯೀ' ಎಂಬ ಒಂದೇ ಒಂದು ಹಾಡನ್ನು ಹಾಡಿದ್ದಳು. ಚಿತ್ರದ ಉಳಿದ ಹಾಡುಗಳು ಕಲ್ಯಾಣ್‌ಜಿ–ಆನಂದ್‌ಜಿ ಅವರವು. ಇದೊಂದು ಮಾತ್ರ ಲಂಡನ್ನಿನಿಂದ ಬಂದದ್ದು. ಈ ಹಾಡಿಗಾಗಿ 1981ರ ಫಿಲ್ಮ್‌ಫೇರ್ ಪ್ರಶಸ್ತಿ ಆಕೆಗೆ ಸಂದಿತು. ಅಷ್ಟು ಎಳೆಯ ವಯಸ್ಸಿನಲ್ಲಿ ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿಯನ್ನು ಪಡೆದವರು ಅದಕ್ಕೆ ಮುನ್ನ ಇರಲಿಲ್ಲ. ಲತಾ ಮಂಗೇಶ್ಕರರೂ ಆಶಾ ಭೋಂಸ್ಲೆಯವರೂ ತಮ್ಮ ಹೆಸರನ್ನು ಇನ್ನು ಪರಿಗಣಿಸಬಾರದೆಂದು ಅಷ್ಟು ಹೊತ್ತಿಗಾಗಲೇ ಕೇಳಿಕೊಂಡಿದ್ದರು. ಆದುದರಿಂದ 'ಬಯಲು ಬರಿದಾಗಿತ್ತು, ಹುಡುಗಿ ಗೆದ್ದಳು' ಎಂದು ಹೇಳುವವರಿಗೆ ಮಾತು ಸಿದ್ಧವಾಗಿಯೇ ಇತ್ತು.

ಹಾಡನ್ನು ಕಟ್ಟಿದವರು ನಮ್ಮವರು. ಬಿದ್ದು ಎಂಬ ಒಂದೇ ಹೆಸರಿನಿಂದ ಜಗತ್ತಿಗೆ ಪರಿಚಿತರಾದ ಬಿದ್ದು ಅಪ್ಪಯ್ಯನವರು ಕೊಡವ ಮನೆತನದವರು, ಬೆಂಗಳೂರಿನಲ್ಲಿ ಹುಟ್ಟಿದವರು. ಯೌವನದಲ್ಲಿ ಗೆಳೆಯರೊಡನೆ ಟ್ರೋಜನ್ಸ್ ಎಂಬ ಪಾಶ್ಚಾತ್ಯ ವಾದ್ಯತಂಡವನ್ನು ಕಟ್ಟಿಕೊಂಡು ಊರೂರು ನುಡಿಸಿ, 1960ರ ದಶಕದ ಕೊನೆಗೆ ಇಂಗ್ಲೆಂಡಿಗೆ ಹೊರಟರು. 1974ರಲ್ಲಿ ಕಾರ್ಲ್ ಡಗ್ಲಸ್ ಎಂಬ ಗಾಯಕನಿಂದ ಅವರು ಹಾಡಿಸಿದ 'ಕುಂಗ್ ಫು ಫೈಟಿಂಗ್' ಬ್ರಿಟನ್ ಮತ್ತು ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು. ತಟ್ಟೆಯ ಹಿಂಬದಿಗೆಂದು ಅವಸರದಲ್ಲಿ ಮುದ್ರಿಸಿದ ಹಾಡು ಅದು. ಮುಂಬದಿಯ ಹಾಡು ಯಾವುದಿತ್ತೆಂದು ಇಂದು ಕೇಳುವವರೇ ಇಲ್ಲ. ಮಡಿಕೇರಿಯ ಕಡೆಯ ಹೆಸರೊಂದು ಲಂಡನ್ನಿನ ಗಾನಮುದ್ರಿಕೆಗಳ ಮೇಲೆ ಅಚ್ಚಾಗುತ್ತಿದ್ದ ಕಾಲದಲ್ಲಿ ನಮ್ಮಲ್ಲಿ ಅದನ್ನು ಗಮನಿಸಿದವರು ಎಷ್ಟು ಜನವೋ! ಕವಿಯ ಹೆಸರು ಗೊತ್ತಿಲ್ಲದೆ ಲಾವಣಿಯನ್ನು ಹಾಡುವ ನಾಡಿನಲ್ಲಿ ಇದೇನೂ ಹೊಸದಲ್ಲ.

'ಕುರ್ಬಾನಿ'ಯ ಗೆಲುವಿನ ಬೆನ್ನಲ್ಲೇ ಬಿದ್ದು ಅವರು ಅಕ್ಕ–ತಮ್ಮಂದಿರಿಂದ ಒಂದು ಇಡೀ ಮುದ್ರಿಕೆಯನ್ನು ಹಾಡಿಸಿದರು. ಅದೇ 'ಡಿಸ್ಕೋ ದೀವಾನೆ'. ಇದರ ಹಿಂದೆ ಚಲನಚಿತ್ರವಿಲ್ಲ, ನಾಯಕ–ನಾಯಕಿಯರಿಲ್ಲ, ಕಥೆಯಿಲ್ಲ. ಚಿತ್ರಗೀತೆಯಲ್ಲದ ಹಾಡೆಂದರೆ ಭಜನೆ, ಗಜಲ್ ಅಥವಾ ಶಾಸ್ತ್ರೀಯ ಸಂಗೀತ ಎಂದು ತಿಳಿದಿದ್ದ ಮಾರುಕಟ್ಟೆಯಲ್ಲಿ ಅದು ಹಿಂದೆಂದೂ ಕಾಣದ ಭರಾಟೆಯಿಂದ ಬಿಕರಿಯಾಯಿತು. ಭಾರತ–ಪಾಕಿಸ್ತಾನಗಳೆರಡರಲ್ಲೂ ಅಷ್ಟೇ ಬೇಡಿಕೆ. ಮುದ್ರಿಕೆಗಿಂತ ಕ್ಯಾಸೆಟ್ ಹೆಚ್ಚು ಓಡಾಡಿತು; ಕ್ಯಾಸೆಟ್ಟಿಗಿಂತ ಅದರ ನಕಲು.

ನಾನು ಆಗ ಮೈಸೂರಿನಲ್ಲಿ ಕನ್ನಡ ಎಂ.ಎ. ಓದುತ್ತಿದ್ದೆ. ನವ್ಯದ ಬಿಸಿ ಇನ್ನೂ ಆರಿರಲಿಲ್ಲ; ಬಂಡಾಯದ ಬೆಂಕಿ ಹೊಸದಾಗಿ ಹತ್ತಿಕೊಂಡಿತ್ತು. ನಮ್ಮ ವಿದ್ಯಾರ್ಥಿನಿಲಯದಲ್ಲಿ ಕೊಲ್ಲಿದೇಶದಿಂದ ಅಣ್ಣ ತಂದುಕೊಟ್ಟ ಟೇಪ್ ರೆಕಾರ್ಡರ್ ಇದ್ದ ಒಬ್ಬ ಗೆಳೆಯನಿದ್ದ. ಸಂಜೆಯಾದರೆ ಅವನ ಕೋಣೆಯಿಂದ ಈ ಹಾಡುಗಳು ಕೇಳಿಸುತ್ತಿದ್ದವು. ಕರ್ನಾಟಕ ಸಂಗೀತವನ್ನು ಗುರುಮುಖದಿಂದ ಕಲಿತಿದ್ದ ಒಬ್ಬಾತ ಕಿವಿ ಮುಚ್ಚಿಕೊಂಡು, 'ಇವಳಿಗೆ ಶ್ರುತಿ ಉಂಟು, ಸ್ವರವಿಲ್ಲ. ಮೂಗಿನಿಂದ ಹಾಡುತ್ತಾಳೆ' ಎನ್ನುತ್ತಿದ್ದ. ಬಂಡಾಯದ ಗೆಳೆಯನಿಗೆ ಸ್ವರದ ಗೊಡವೆಯಿಲ್ಲ. 'ಹಸಿದವರ ದೇಶದಲ್ಲಿ ಕುಣಿತದ ಅಫೀಮು ಹಂಚುತ್ತಿದ್ದಾರೆ' ಎಂಬುದು ಅವನ ತೀರ್ಮಾನ. ಪಕ್ಕದ ಕೋಣೆಯ ಸಸ್ಯಶಾಸ್ತ್ರದವನು ಮಾತ್ರ ಏನನ್ನೂ ಹೇಳದೆ ಬಾಗಿಲಿಗೆ ಒರಗಿ ನಿಂತು ಕಾಲಿನಿಂದ ತಾಳ ಹಾಕುತ್ತಿದ್ದ. ಪತ್ರಿಕೆಗಳಲ್ಲಿ ಆಗ ಕಂಡ ಆಕ್ಷೇಪಗಳ ಸಾರವೂ ಹೆಚ್ಚುಕಡಿಮೆ ನಮ್ಮ ಪಡಸಾಲೆಯ ಈ ಆಕ್ಷೇಪಗಳೇ: ದನಿ ತೆಳುವು, ಮಾತು ಸಾಧಾರಣ, ಉಳಿದದ್ದು ಯಂತ್ರದ ಮಾಯೆ.

ದನಿ ತೆಳುವು ಎಂಬುದು ನಿಜ. ಅದು ಮೂರು ಸ್ಥಾಯಿಗಳಲ್ಲಿ ನಿರಾಯಾಸವಾಗಿ ಸಂಚರಿಸುವ ಕಂಠವಲ್ಲ. ಗಮಕವಿಲ್ಲ, ತಾನವಿಲ್ಲ. ಉಸಿರು ಚಿಕ್ಕದು, ಸಾಲಿನ ಕೊನೆಯಲ್ಲಿ ದನಿಯನ್ನು ಹಿಡಿದು ನಿಲ್ಲಿಸುವ ಬದಲು ಆಕೆ ಅದನ್ನು ಹಾಗೆಯೇ ಕೈಬಿಡುತ್ತಾಳೆ. ಆದರೆ ಈ ದೋಷಗಳೆಲ್ಲ ಯಾವ ಅಳತೆಗೋಲಿನ ಮೇಲೆ ದೋಷಗಳು? ಮೂವತ್ತು ವರ್ಷಗಳಿಂದ ಹಿಂದಿ ಚಿತ್ರಗೀತೆಯನ್ನು ಆಳಿದ ಅಳತೆಗೋಲೊಂದಿತ್ತು. ಹಿನ್ನೆಲೆ ಗಾಯನವೆಂಬುದು ವಿಚಿತ್ರವಾದ ಕಲೆ. ಅಲ್ಲಿ ದನಿ ಒಬ್ಬರದು, ಮುಖ ಇನ್ನೊಬ್ಬರದು. ಐವತ್ತು ದಾಟಿದ ಮಹಾಗಾಯಕಿ ಹದಿನೆಂಟರ ನಾಯಕಿಗೆ ದನಿಯನ್ನು ಎರವಲು ಕೊಡುತ್ತಾಳೆ. ಕೇಳುವವರು ಅದನ್ನು ನಂಬುತ್ತಾರೆ. ಆ ನಂಬಿಕೆಯನ್ನು ಹುಟ್ಟಿಸುವುದೇ ಆ ಕಲೆಯ ದೊಡ್ಡಸ್ತಿಕೆ. ಯಾರ ಬಾಯಿಗೂ ಒಪ್ಪಬೇಕಾದ ದನಿ ಯಾರ ಸ್ವಂತದ್ದೂ ಆಗಿ ಕೇಳಿಸಬಾರದು. ಅದಕ್ಕೆ ಬೇಕಾದದ್ದು ಹದವಾಗಿ ಪಳಗಿದ, ಕಲೆಯಿಲ್ಲದ ಕಂಠ.

'ಕುರ್ಬಾನಿ'ಯಲ್ಲಿ ಈ ಪದ್ಧತಿ ತಲೆಕೆಳಗಾಯಿತೆಂಬುದು ಗಮನಾರ್ಹ. ಅಲ್ಲಿ ಮೂವತ್ತರ ಸಮೀಪದಲ್ಲಿದ್ದ ಜೀನತ್ ಅಮಾನ್ ಅವರಿಗೆ ದನಿ ಕೊಟ್ಟವಳು 15ರ ಬಾಲೆ. ದನಿಯ ಮೇಲೆ ಅದೇ ದನಿಯನ್ನು ಇನ್ನೊಮ್ಮೆ ಹೊದಿಸಿ ಬಿದ್ದು ಅವರು ಅದಕ್ಕೆ ಮೈ ತುಂಬಿಸಿದರು. 'ಡಿಸ್ಕೋ ದೀವಾನೆ'ಯಲ್ಲಾದರೋ ಎರವಲಿನ ಪ್ರಶ್ನೆಯೇ ಉಳಿಯಲಿಲ್ಲ. ಹೊದಿಕೆಯ ಮೇಲೆ ಮುದ್ರಿತವಾದದ್ದು ಹಾಡಿದವರದೇ ಮುಖ. ಹದಿಹರೆಯದ ಹುಡುಗಿಯೊಬ್ಬಳು ಹದಿಹರೆಯದವಳಾಗಿಯೇ, ಯಾವ ನಾಯಕಿಯ ಪರವಾಗಿಯೂ ಅಲ್ಲದೆ, ಹಾಡುತ್ತಿದ್ದಳು. 'ಆವೋ ನಾ', 'ಕೋಮಲ್ ಕೋಮಲ್' ಇಂಥ ಹಾಡುಗಳನ್ನು ಈಗಲೂ ಕೇಳಿ ನೋಡಬಹುದು. ಸಭೆಯ ಮುಂದೆ ಕುಳಿತು ಹಾಡಿದಂತಿಲ್ಲ. ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತ ಗುನುಗಿದಂತಿದೆ. ಒಲಿಸಿಕೊಳ್ಳುವ ಆತುರ ಅದರಲ್ಲಿಲ್ಲ. ಸ್ವಲ್ಪ ಉದಾಸೀನ, ಸ್ವಲ್ಪ ಬೇಸರ, ಒಂದಿಷ್ಟು ಕನಸು. ಆ ವಯಸ್ಸಿನ ಮಕ್ಕಳನ್ನು ಮೂವತ್ತೈದು ವರ್ಷ ಎದುರಿಗೆ ಕೂಡಿಸಿಕೊಂಡು ಪಾಠ ಹೇಳಿದವನಿಗೆ ಆ ಧ್ವನಿ ಚೆನ್ನಾಗಿ ಪರಿಚಿತವಾದದ್ದು. ಸಸ್ಯಶಾಸ್ತ್ರದ ಗೆಳೆಯ ಕೇಳಿದ್ದು ಅದನ್ನು. ಸಂಗೀತ ಕಲಿತವನು ಕೇಳಿದ್ದು ಅದರಲ್ಲಿ ಇಲ್ಲದ್ದನ್ನು.

ಕ್ಷೇಮೇಂದ್ರ ಹೇಳುವ ಔಚಿತ್ಯವೆಂಬುದು ಇದೇ ಅಲ್ಲವೆ? ಸೊಂಟದಲ್ಲಿರಬೇಕಾದ ಡಾಬನ್ನು ಕೊರಳಿಗೆ ಹಾಕಿಕೊಂಡರೆ ನಗೆಪಾಟಲು. ಪಕ್ವವಾದ ಕಂಠವನ್ನು ಈ ಹಾಡುಗಳಿಗೆ ತೊಡಿಸಿದ್ದರೆ ಹಾಗೆಯೇ ಆಗುತ್ತಿತ್ತು.

ಮಾತಿನ ವಿಷಯಕ್ಕೆ ಬಂದರೆ ನಾನು ಆಕ್ಷೇಪಿಸಿದವರ ಪಕ್ಷವೇ. ಪ್ರೀತಿ, ಕನಸು, ರಾತ್ರಿ, ಹೃದಯ: ಉರ್ದು ಪ್ರೇಮಗೀತೆಯ ಸಂತೆಯಲ್ಲಿ ಕೈಯಿಂದ ಕೈಗೆ ಸಾಗಿ ಮುಖ ಸವೆದ ನಾಣ್ಯಗಳು. ಮೀರ್, ಗಾಲಿಬರು ಬರೆದ ಭಾಷೆಯಲ್ಲಿ ಇಷ್ಟು ಬಡತನ ಏಕೆ ಎಂದು ಉರ್ದು ಬಲ್ಲವರು ನೊಂದುಕೊಂಡರೆ ತಪ್ಪಿಲ್ಲ. ಮುದ್ರಿಕೆಯ ಕೆಲವು ಹಾಡುಗಳು ಒಂದರ ನೆರಳು ಇನ್ನೊಂದು. ಕೇವಲ ವಾದ್ಯಗಳಲ್ಲಿ ಶೀರ್ಷಿಕೆಗೀತೆಯನ್ನೇ ಮತ್ತೊಮ್ಮೆ ನುಡಿಸಿ ತುಂಬಿಸಿದ್ದು ಜಾಗ ತುಂಬಿಸಿದ್ದೇ ಹೊರತು ಬೇರೆಯಲ್ಲ. ಸತೃಣಾಭ್ಯವಹಾರಿಗಳು ಇದನ್ನೂ ಕಾಳೆಂದೇ ತಿಂದರು. ತಿನ್ನಲಿ. ಹುಲ್ಲನ್ನು ತಿಂದವರು ಕಾಳನ್ನೂ ತಿಂದಿದ್ದರಷ್ಟೆ. ಅರೋಚಕಿಗಳ ಬಾಯಿಗೆ ಎರಡೂ ಸೇರಲಿಲ್ಲ.

ಯಂತ್ರದ ಮಾಯೆ ಎಂಬ ಮೂರನೆಯ ಆಕ್ಷೇಪವನ್ನು ಕೇಳಿದಾಗ ಮಾತ್ರ ನನಗೆ ನಗು ಬರುತ್ತದೆ. ನಾನೀಗ ಮಾತನಾಡುತ್ತಿರುವುದೂ ಒಂದು ಯಂತ್ರದ ಮುಂದೆ. ಸೈಗಲ್ ಅವರ ಮೆಲುದನಿ ದೇಶದ ಕಿವಿಯನ್ನು ತಲುಪಿದ್ದು ಮೈಕ್ರೋಫೋನ್ ಎಂಬ ಯಂತ್ರ ಬಂದುದರಿಂದ. ಅದಕ್ಕೆ ಮುಂಚೆ ನಾಟಕದ ನಟರು ಹಿಂದಿನ ಸಾಲಿಗೆ ಕೇಳಿಸುವಂತೆ ಕಂಠ ಏರಿಸಿ ಹಾಡಬೇಕಾಗಿತ್ತು. ಪಿಸುಮಾತಿನಂತೆ ಹಾಡುವುದನ್ನು ಯಂತ್ರವೇ ಕಲಿಸಿತು. ನಾವು ಒಪ್ಪಿಕೊಂಡ ಯಂತ್ರ ಕಲೆಯೆನಿಸುತ್ತದೆ, ನಮ್ಮ ಮಕ್ಕಳು ಒಪ್ಪಿಕೊಂಡದ್ದು ಮಾಯೆಯೆನಿಸುತ್ತದೆ.

ಡಿಸ್ಕೋ ಎಂಬ ಈ ಬಗೆ ಹುಟ್ಟಿದ ಅಮೆರಿಕದಲ್ಲಿಯೇ ಅದಕ್ಕೆ ಅಷ್ಟರಲ್ಲಿ ಗ್ರಹಣ ಹಿಡಿದಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು. 1979ರ ಜುಲೈ 12ರಂದು ಷಿಕಾಗೋ ನಗರದ ಒಂದು ಬೇಸ್‌ಬಾಲ್ ಕ್ರೀಡಾಂಗಣದಲ್ಲಿ ಡಿಸ್ಕೋ ಮುದ್ರಿಕೆಗಳನ್ನು ರಾಶಿ ಹಾಕಿ ಸಿಡಿಮದ್ದಿಟ್ಟು ಉಡಾಯಿಸಿದರು. ಜನ ಮೈದಾನಕ್ಕೆ ನುಗ್ಗಿ ಅಂದಿನ ಎರಡನೆಯ ಪಂದ್ಯವೇ ನಿಂತುಹೋಯಿತು. ಆ ಸಿಟ್ಟಿನಲ್ಲಿ ಸಂಗೀತದ ಅಭಿರುಚಿ ಎಷ್ಟಿತ್ತು, ಆ ಕುಣಿತವನ್ನು ಬೆಳೆಸಿದ ಕರಿಯರನ್ನೂ ಸಲಿಂಗಪ್ರೇಮಿಗಳನ್ನೂ ಕುರಿತ ತಾತ್ಸಾರ ಎಷ್ಟಿತ್ತು ಎಂಬ ಚರ್ಚೆ ಅಲ್ಲಿ ಇನ್ನೂ ಮುಗಿದಿಲ್ಲ. ಅಲ್ಲಿ ಹೂತದ್ದು ಎರಡೇ ವರ್ಷದಲ್ಲಿ ಕರಾಚಿ, ಮುಂಬಯಿ, ಮೈಸೂರುಗಳಲ್ಲಿ ಚಿಗುರಿತು. ಅದೇ 1981ರಲ್ಲಿ ಶಂಕರ್‌ನಾಗ್ ಅವರ 'ಗೀತಾ' ಚಿತ್ರಕ್ಕೆ ಇಳಯರಾಜ ಅವರು ಕೊಟ್ಟ ಸಂಗೀತವನ್ನು ಕೇಳಿದವರಿಗೆ ಗಾಳಿ ಎತ್ತ ಬೀಸುತ್ತಿತ್ತೆಂಬುದು ತಿಳಿಯುತ್ತದೆ.

ಅಭಿರುಚಿಯನ್ನು ಮೇಲಿನಿಂದ ಇಳಿಸಲು ಹೊರಟ ಪ್ರಯತ್ನಗಳ ಕಥೆ ಈ ಬಾನುಲಿಗೂ ಸೇರಿದ್ದು. 1952ರಲ್ಲಿ ಬಿ.ವಿ. ಕೇಸ್ಕರರು ವಾರ್ತಾ ಮತ್ತು ಪ್ರಸಾರ ಸಚಿವರಾದ ಮೇಲೆ ಆಕಾಶವಾಣಿಯಿಂದ ಚಿತ್ರಗೀತೆಗಳು ಮರೆಯಾದವು. ಶಾಸ್ತ್ರೀಯ ಸಂಗೀತಕ್ಕೆ ಅವರು ಮಾಡಿಕೊಟ್ಟ ಜಾಗ ದೊಡ್ಡದು. ಅದನ್ನು ಮರೆಯುವುದು ಕೃತಘ್ನತೆ. ಆದರೆ ಕೇಳುಗರು ವಾದ ಹೂಡಲಿಲ್ಲ, ಪತ್ರ ಬರೆಯುತ್ತ ಕೂರಲಿಲ್ಲ, ಮುಳ್ಳನ್ನು ತಿರುಗಿಸಿ ರೇಡಿಯೋ ಸಿಲೋನನ್ನು ಹಿಡಿದರು. 1957ರಲ್ಲಿ ವಿವಿಧ ಭಾರತಿ ಹುಟ್ಟಬೇಕಾಯಿತು. ಕೇಳುಗನ ವಿಮರ್ಶೆ ಬಹುಮಟ್ಟಿಗೆ ಈ ರೀತಿಯದು: ಅವನು ಕಾರಣ ಕೊಡುವುದಿಲ್ಲ, ಎದ್ದುಹೋಗುತ್ತಾನೆ ಅಥವಾ ಉಳಿಯುತ್ತಾನೆ.

ನಾಜಿಯಾಳ ನಾಡಿನಲ್ಲಿ ಮೇಲಿನವರ ಅಭಿರುಚಿ ಇನ್ನೂ ಕಠಿಣವಾಗಿತ್ತು. ಅದು ಜನರಲ್ ಜಿಯಾ ಉಲ್ ಹಕ್ ಅವರ ಆಳ್ವಿಕೆಯ ಕಾಲ. ದೂರದರ್ಶನದಲ್ಲಿ ಕಾಣಿಸಿಕೊಳ್ಳುವ ಹೆಂಗಸರ ತಲೆಯ ಮೇಲಿನ ದುಪಟ್ಟಾ ಕೂಡ ಆಡಳಿತದ ವಿಷಯವಾಗಿತ್ತು. ಅಕ್ಕ–ತಮ್ಮಂದಿರ ಹಾಡುಗಳನ್ನು ತೋರಿಸುವಾಗ ಕ್ಯಾಮೆರಾ ಸೊಂಟದಿಂದ ಕೆಳಕ್ಕೆ ಇಳಿಯಬಾರದೆಂಬ ಕಟ್ಟಳೆಯಿತ್ತೆಂದು ಆ ಕಾಲವನ್ನು ಕುರಿತು ಬರೆದವರೆಲ್ಲ ಹೇಳುತ್ತಾರೆ. ಹಾಡು ಕುಣಿತದ್ದು, ಕಾಲು ಮಾತ್ರ ನಿಷಿದ್ಧ! ನಮ್ಮಲ್ಲಿಯ ಪಂಡಿತರು ಆಕೆಯ ದನಿಯನ್ನು ಪ್ರಶ್ನಿಸಿದರು. ಅಲ್ಲಿಯವರು ಪ್ರಶ್ನಿಸಿದ್ದು ಆಕೆ ಜನರೆದುರು ನಿಂತು ಹಾಡುವುದನ್ನೇ. ಹಾಡು ಚೆನ್ನಾಗಿದೆಯೋ ಇಲ್ಲವೋ ಎಂಬುದು ವಿಮರ್ಶೆ. ಹುಡುಗಿ ಹಾಡಬೇಕೋ ಬೇಡವೋ ಎಂಬುದು ವಿಮರ್ಶೆಯೇ ಅಲ್ಲ. ಆದರೆ ವಿಮರ್ಶೆಯ ಉಡುಪನ್ನು ತೊಟ್ಟು ಅದು ಬರುತ್ತದೆ, ನಮ್ಮಲ್ಲಿಯೂ ಬಂದಿತ್ತು. ಮೂಗುಸ್ವರವೆಂದು ತೊಡಗಿದ ಟೀಕೆ ಎರಡು ವಾಕ್ಯ ಸಾಗುವುದರೊಳಗೆ ಆಕೆಯ ತೊಡುಗೆಗೂ ಲಂಡನ್ನಿನ ಬದುಕಿಗೂ ಹೊರಳಿದ್ದನ್ನು ನಾನೇ ಓದಿದ್ದೇನೆ. ತಮ್ಮನ ತೊಡುಗೆಯನ್ನು ಕುರಿತು ಯಾರೂ ಬರೆದ ನೆನಪಿಲ್ಲ.

ಇಲ್ಲಿ ಕನ್ನಡದ ಒಂದು ಪ್ರಸಂಗ ನೆನಪಿಗೆ ಬರುತ್ತದೆ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳನ್ನು ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ 'ನಿತ್ಯೋತ್ಸವ' ಎಂಬ ಧ್ವನಿಸುರುಳಿಯಾಗಿ ಹೊರತಂದಾಗ, ಭಾವಗೀತೆಗಳ ಕ್ಯಾಸೆಟ್ಟು ಕನ್ನಡಕ್ಕೆ ಹೊಸದು. ಮನೆಮನೆಗೆ ಅದು ಹೋಯಿತು. ನಮ್ಮ ಸಾಹಿತ್ಯದ ಜಗಲಿಗಳಲ್ಲಿ ಮಾತ್ರ ಗೊಣಗಾಟ: ರಾಗಕ್ಕೆ ಸಿಕ್ಕ ಕವಿತೆ ಕೆಟ್ಟಿತು, ಓದುವವನು ಕೇಳುವವನಾದರೆ ಅರ್ಥ ಸತ್ತಿತು. ಕವಿತೆಯ ಅರ್ಥ ಅಷ್ಟು ಸುಲಭವಾಗಿ ಸಾಯುವುದಿಲ್ಲ. ಕವನಸಂಕಲನವನ್ನು ಎಂದೂ ಕೊಳ್ಳದಿದ್ದ ಮನೆಗಳಲ್ಲಿ ಕವಿಯ ಹೆಸರು ಬಳಕೆಗೆ ಬಂದದ್ದು ಆ ಸುರುಳಿಯಿಂದ. ಎರಡು ಕಡೆಯೂ ಹಾಡುಗಳ ಯೋಗ್ಯತೆ ಒಂದೇ ಎಂದು ನಾನು ಹೇಳುತ್ತಿಲ್ಲ. ನಿಸಾರರ ಸಾಲುಗಳೆಲ್ಲಿ, ಡಿಸ್ಕೋದ ಸಾಲುಗಳೆಲ್ಲಿ! ಗೊಣಗಾಟದ ಶ್ರುತಿ ಒಂದೇ ಆಗಿತ್ತೆಂದಷ್ಟೇ ನನ್ನ ಮಾತು.

ಮತ್ಸರಿಯನ್ನು ಇನ್ನೂ ಹೇಳಲಿಲ್ಲ. ಅವನು ಬರೆಯುವುದಿಲ್ಲವಾದ್ದರಿಂದ ಅವನ ಗುರುತು ಹಿಡಿಯುವುದು ಕಷ್ಟ. ಆದರೆ ಅವನ ಕೈಕೆಲಸ ಕಾಣಿಸುತ್ತದೆ. 'ಡಿಸ್ಕೋ ದೀವಾನೆ' ಬಂದ ಮರುವರ್ಷದಿಂದ ಹಿಂದಿ ಚಿತ್ರರಂಗದಲ್ಲಿ ಆ ತಾಳ, ಆ ವಾದ್ಯವಿನ್ಯಾಸಗಳ ಜಾತ್ರೆಯೇ ಸೇರಿತು. ಹೆಸರಿನಲ್ಲಿಯೇ ಡಿಸ್ಕೋ ಇರುವ 'ಡಿಸ್ಕೋ ಡ್ಯಾನ್ಸರ್' 1982ರ ಕೊನೆಗೆ ತೆರೆಕಂಡಿತು. ಅನುಕರಿಸಿದವರು ಅನೇಕರು, ಹೆಸರು ಹೇಳಿದವರು ಕೆಲವರು. ಬಿದ್ದು ಅವರಿಗಂತೂ ಹದಿನಾಲ್ಕು ವರ್ಷಗಳ ಮೇಲೆ, 1995ರಲ್ಲಿ, ಅಲೀಷಾ ಚಿನಾಯ್ ಹಾಡಿದ 'ಮೇಡ್ ಇನ್ ಇಂಡಿಯಾ' ಮುದ್ರಿಕೆಯಿಂದ ನಮ್ಮ ದೇಶದಲ್ಲಿ ಮತ್ತೊಮ್ಮೆ ಹೆಸರು ಬಂತು. ಚಿತ್ರವಿಲ್ಲದ ಹಾಡಿಗೆ ಭಾರತದಲ್ಲಿ ಕೇಳುಗರುಂಟು ಎಂದು ಆಗ ಎಲ್ಲರೂ ಬೆರಗುಪಟ್ಟರು, ಹಿಂದೆ ಯಾರೂ ಅದನ್ನು ತೋರಿಸಿಯೇ ಇರಲಿಲ್ಲವೆಂಬಂತೆ.

ನಾಜಿಯಾ ಆಮೇಲೆ ನಾಲ್ಕು ಮುದ್ರಿಕೆಗಳನ್ನು ಹಾಡಿದಳು. ಕೊನೆಯದು 1992ರ 'ಕ್ಯಾಮೆರಾ ಕ್ಯಾಮೆರಾ'. ಮೊದಲನೆಯದರ ಬೆಳಕು ಅದರಲ್ಲಿಲ್ಲ. ಹದಿನಾರರ ದನಿಯನ್ನು ಇಪ್ಪತ್ತೇಳರಲ್ಲಿ ಹುಡುಕುವುದೂ ನ್ಯಾಯವಲ್ಲ. ನಡುವೆ 1989ರಲ್ಲಿ, ಜನರಲ್ ಜಿಯಾ ತೀರಿಕೊಂಡು ಬೇನಜೀರ್ ಭುಟ್ಟೋ ಅಧಿಕಾರಕ್ಕೆ ಬಂದಿದ್ದಾಗ, 'ಮ್ಯೂಸಿಕ್ 89' ಎಂಬ ದೂರದರ್ಶನ ಕಾರ್ಯಕ್ರಮವನ್ನು ಅಕ್ಕ–ತಮ್ಮಂದಿರು ನಡೆಸಿಕೊಟ್ಟರು. ಪಾಕಿಸ್ತಾನದ ಹೊಸ ತಲೆಮಾರಿನ ವಾದ್ಯತಂಡಗಳಿಗೆ ಅದು ವೇದಿಕೆಯಾಯಿತು, ಸಂಪ್ರದಾಯವಾದಿಗಳ ಕೋಪಕ್ಕೂ ಗುರಿಯಾಯಿತು. ಆಕೆ ಅಷ್ಟರಲ್ಲಿ ಕಾನೂನು ಓದಿದ್ದಳು. ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದಳು. ಕರಾಚಿಯ ಬಡ ಮಕ್ಕಳಿಗಾಗಿ ದುಡಿದಳು. ಹಾಡನ್ನು ಬಿಟ್ಟಳು. 2000ದ ಆಗಸ್ಟ್ 13ರಂದು ಲಂಡನ್ನಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಆಕೆಯನ್ನು ಕೊಂಡೊಯ್ದಾಗ ವಯಸ್ಸು 35. ಉಸಿರು ಚಿಕ್ಕದೆಂದು ಆಕ್ಷೇಪಿಸಿದ್ದ ನಮ್ಮ ಸಂಗೀತದ ಗೆಳೆಯ ಆ ಸುದ್ದಿಯನ್ನು ಓದಿ ನನಗೆ ದೂರವಾಣಿ ಮಾಡಿದ. ಹೆಚ್ಚು ಮಾತನಾಡಲಿಲ್ಲ. ಆ ಕ್ಯಾಸೆಟ್ಟು ಯಾರ ಬಳಿಯಾದರೂ ಇದೆಯೇ ಎಂದಷ್ಟೇ ಕೇಳಿದ.

2012ರಲ್ಲಿ 'ಸ್ಟೂಡೆಂಟ್ ಆಫ್ ದಿ ಇಯರ್' ಎಂಬ ಹಿಂದಿ ಚಿತ್ರಕ್ಕಾಗಿ ವಿಶಾಲ್–ಶೇಖರ್ 'ಡಿಸ್ಕೋ ದೀವಾನೆ'ಯನ್ನು ಹೊಸದಾಗಿ ಕಟ್ಟಿದರು. ಈ ಕಾಲದ ಪಳಗಿದ ಕಂಠಗಳೇ ಅವರ ಬಳಿ ಇದ್ದವು. ಅವನ್ನು ಬಳಸಿಯೂ ಬಳಸಿದರು. ಆದರೂ ಮೂಲ ಮುದ್ರಿಕೆಯಿಂದ ನಾಜಿಯಾಳ ದನಿಯನ್ನು ಎತ್ತಿ ನಡುವೆ ಇರಿಸಿಕೊಂಡರು. ಚಿತ್ರ ಬಂದ ವಾರ ನನ್ನ ವಿದ್ಯಾರ್ಥಿಗಳ ನಡುವೆ ಇದರದೇ ಮಾತು. ಹೊಸದು ಬರೀ ಯಂತ್ರದ ಗದ್ದಲ, ಹಳೆಯದರ ಜೀವ ಇದರಲ್ಲಿಲ್ಲ, ಈಗಿನವರಿಗೆ ಹಾಡಲು ಬರುವುದಿಲ್ಲ ಎಂದು ಇಪ್ಪತ್ತೆರಡರ ಹುಡುಗನೊಬ್ಬ ತರಗತಿಯ ಬಾಗಿಲಲ್ಲಿ ನಿಂತು ಬಲವಾಗಿ ವಾದಿಸುತ್ತಿದ್ದ.